ಮೊದಲು ಬಲಗಡೆಯ ಹೊಳ್ಳೆ

ಮಾಗಡಿಯಲ್ಲಿ ನಾನು ಕೆಲಸ ಮಾಡುವ ಜಾಗಕ್ಕೆ ಮೊಟ್ಟೆ ಕೇಂದ್ರ ಎನ್ನುತ್ತಾರೆ. ಹಾಗೆಂದರೆ ಕೋಳಿಮೊಟ್ಟೆಯ ವ್ಯಾಪಾರ ಎಂದುಕೊಳ್ಳುವ ನೆಂಟರು ಈಗಲೂ ಇದ್ದಾರೆ. ಅದು ರೇಷ್ಮೆ ಹುಳುವಿನ ಮೊಟ್ಟೆ. ಹುಳು ಸಾಕುವ ರೈತರು ಕನಕಪುರದ ಕಡೆಯಿಂದ, ರಾಮನಗರದ ಕಡೆಯಿಂದ ಬಂದು ನಮ್ಮಲ್ಲಿ ಮೊಟ್ಟೆ ಹಾಳೆ ಕೊಂಡೊಯ್ಯುತ್ತಾರೆ. ಆ ಮೊಟ್ಟೆ ಇಡಿಸುವುದು ನಮ್ಮ ಕೆಲಸ.

ಬಿತ್ತನೆಗೆಂದು ಬೆಳೆದ ಗೂಡುಗಳನ್ನು ತಂದು ತಟ್ಟೆಗಳಲ್ಲಿ ಹರಡಿರುತ್ತೇವೆ. ಬೆಳಕು ಹರಿಯುವ ಹೊತ್ತಿಗೆ ಗೂಡಿಗೆ ತೂತು ಮಾಡಿಕೊಂಡು ಚಿಟ್ಟೆಗಳು ಹೊರಗೆ ಬರುತ್ತವೆ. ಗಂಡು ಯಾವುದು ಹೆಣ್ಣು ಯಾವುದು ಎಂದು ಆರಿಸಿ ಜೋಡಿಗೆ ಬಿಡಬೇಕು. ಕೆಲವು ಗಂಟೆ ಕಳೆದ ಮೇಲೆ ಜೋಡಿ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಕೂರಿಸಬೇಕು. ರೇಷ್ಮೆಯ ಚಿಟ್ಟೆ ಹಾರುವುದಿಲ್ಲ, ಕೂತಲ್ಲೇ ರೆಕ್ಕೆ ಬಡಿಯುತ್ತದೆ. ಬಡಿದಾಗಲೆಲ್ಲ ರೆಕ್ಕೆಯಿಂದ ಬಿಳೀ ಹುಡಿ ಉದುರುತ್ತದೆ. ಒಂದು ಚಿಟ್ಟೆಯ ಹುಡಿ ಕಣ್ಣಿಗೂ ಕಾಣುವುದಿಲ್ಲ. ಕೋಣೆಯ ತುಂಬ ಚಿಟ್ಟೆ ಇದ್ದಾಗ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅದು ಹಿಟ್ಟಿನ ಗಿರಣಿಯೊಳಗಿನ ಹಾಗೆ ತೇಲುತ್ತಿರುತ್ತದೆ. ತಲೆಗೂದಲು, ಹುಬ್ಬು, ಸೀರೆಯ ನಿರಿಗೆ ಎಲ್ಲ ಕಡೆಯೂ ಅದೇ.

ನಮ್ಮೂರು ಕಲ್ಯದಿಂದ ಮೊದಲ ಬಸ್ಸಿಗೆ ಬಂದು ಆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಏನೂ ಆಗಿರಲಿಲ್ಲ. ಎರಡನೆಯ ವರ್ಷದಲ್ಲಿ ಸೀನು ಶುರುವಾಯಿತು. ಒಂದು ಸೀನಿದರೆ ನಿಲ್ಲುತ್ತಿರಲಿಲ್ಲ, ಸಾಲಾಗಿ ಬರುತ್ತಿತ್ತು. ಆಮೇಲೆ ಮೂಗು ಕಟ್ಟಿತು. ಮನೆಗೆ ಹೋದ ಮೇಲೂ ಬಿಡದೆ, ರಾತ್ರಿ ಬಾಯಿ ತೆರೆದು ಮಲಗಿ ಬೆಳಿಗ್ಗೆ ಗಂಟಲು ಒಣಗಿ ಏಳುವಂತಾಯಿತು.

ನಮ್ಮ ಜೊತೆ ಒಬ್ಬ ಹಿರಿಯ ಹೆಂಗಸಿದ್ದರು. ಕೇಂದ್ರ ಶುರುವಾದಾಗಿನಿಂದ ಇದ್ದವರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ನಾನು ಜೋಡಿ ಬಿಡಿಸುತ್ತ ಬಾಯಲ್ಲಿ ಉಸಿರಾಡುತ್ತಿರುವುದನ್ನು ನೋಡಿ ಅವರು ಕುಪ್ಪಸದೊಳಗಿನಿಂದ ಒಂದು ಚಿಕ್ಕ ಬಾಟಲಿ ತೆಗೆದರು.

"ತಗಳಮ್ಮಿ. ತಲೆ ಹಿಂದುಕ್ ಮಾಡಿ ಎರಡು ತೊಟ್ಟು ಬುಟ್ಕೊ. ಕಟ್ಟಿರದೆಲ್ಲ ಬುಟ್ಟೋಯ್ತದೆ."

"ಇದೇನಕ್ಕ?"

"ಮೂಗಿನ ಡ್ರಾಪ್ಸು. ಮೆಡಿಕಲ್ ಸ್ಟೋರಲ್ಲಿ ಕೇಳುದ್ರೆ ಕೊಡ್ತಾರೆ. ನಾನು ಏಸೋ ವರ್ಸದಿಂದ ಹಾಕ್ಕತಾ ಇವ್ನಿ."

ಹಾಕಿಕೊಂಡೆ. ಗಂಟಲಿಗೆ ಕಹಿ ಇಳಿಯಿತು. ಸ್ವಲ್ಪ ಹೊತ್ತಿಗೆ ಎರಡೂ ಹೊಳ್ಳೆ ತೆರೆದುಕೊಂಡು, ತಣ್ಣನೆಯ ಗಾಳಿ ನೇರವಾಗಿ ಎದೆಯವರೆಗೆ ಹೋಯಿತು. ಅಷ್ಟು ದಿನ ಉಸಿರಿಗೆ ಒದ್ದಾಡಿದವಳಿಗೆ ಅದು ಎಂಥ ಸುಖ ಎಂದು ಹೇಳಿದರೂ ಮೂಗು ಸರಿಯಿದ್ದವರಿಗೆ ತಿಳಿಯುವುದಿಲ್ಲ. ಅಂದು ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ನನ್ನದೇ ಒಂದು ಬಾಟಲಿ ಕೊಂಡೆ.

ಮೊದಮೊದಲು ಬೆಳಿಗ್ಗೆ ಹಾಕಿಕೊಂಡರೆ ಸಂಜೆಯವರೆಗೂ ಮೂಗು ತೆರೆದಿರುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ ಮುಚ್ಚಿಕೊಳ್ಳತೊಡಗಿತು. ಊಟಕ್ಕೆ ಮುಂಚೆ ಒಂದು ಸಲ, ಬಸ್ಸು ಹತ್ತುವ ಮುಂಚೆ ಒಂದು ಸಲ, ಮಲಗುವಾಗ ಒಂದು ಸಲ. ರಾತ್ರಿ ಎಚ್ಚರವಾದರೆ ಮತ್ತೆ ಬೇಕು. ಕೆಲಸವಿಲ್ಲದ ದಿನ, ಒಂದು ಚಿಟ್ಟೆಯೂ ಕಣ್ಣಿಗೆ ಬೀಳದ ದಿನವೂ ಬೇಕು. ಇದು ಯಾಕೆ ಹೀಗೆ ಎಂದು ನಾನು ಯೋಚಿಸಲಿಲ್ಲ. ಮೂಗು ಕಟ್ಟಿದೆ, ಔಷಧಿ ಇದೆ, ಅಷ್ಟೇ. ದಿಂಬಿನ ಕೆಳಗೊಂದು, ಕೆಲಸದ ಚೀಲದಲ್ಲೊಂದು, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಒಂದು ಬಾಟಲಿ ಇರುತ್ತಿತ್ತು. ಅಂಗಡಿಯವನು ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಕೇಳದೆಯೇ ತೆಗೆದಿಡುತ್ತಿದ್ದ.

ವಾಸನೆ ಯಾವಾಗ ಹೋಯಿತೆಂದು ನನಗೆ ನೆನಪಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದು ತಳ ಹಿಡಿದಿತ್ತು. ನಾನು ಎರಡು ಮಾರು ದೂರದಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಅತ್ತೆ ಹಿತ್ತಿಲಿನಿಂದ ಬಂದು ಪಾತ್ರೆ ಇಳಿಸಿದರು.

"ಇಷ್ಟು ಸೀದ್ರೂ ಗೊತ್ತಾಗಕ್ಕಿಲ್ವ ನಿಂಗೆ? ಮೂಗ್ ಎಲ್ಲಿಟ್ಟಿದ್ದೆ?" ಎಂದರು.

ನಾನು ನಕ್ಕೆ. ಅವರಿಗೆ ನಗು ಬರಲಿಲ್ಲ.

ನನಗೆ ಬುದ್ಧಿ ಬಂದದ್ದು ಅಣ್ಣನ ಮಗಳ ಮದುವೆಯಲ್ಲಿ. ಗಂಡಿನವರು ಚನ್ನಪಟ್ಟಣದ ಕಡೆಯವರು, ಮದುವೆಯೂ ಅಲ್ಲೇ ಊರಾಚೆಯ ಒಂದು ಛತ್ರದಲ್ಲಿ. ನಾನು ಹುಡುಗಿಯ ಸೋದರತ್ತೆ. ಹಿಂದಿನ ದಿನದಿಂದಲೂ ಓಡಾಟ, ನಿದ್ದೆಯಿಲ್ಲ. ಬಾಟಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮರೆಯಲ್ಲಿ ಹಾಕಿಕೊಳ್ಳುತ್ತಲೇ ಇದ್ದೆ. ಧಾರೆ ಮುಗಿಯಿತು. ಬೀಗರ ಜೊತೆ ನಮ್ಮ ಮನೆಯವರನ್ನೂ ಮೊದಲ ಪಂಕ್ತಿಗೆ ಕೂರಿಸಿದರು. ಕೂರುವ ಮುಂಚೆ ಬಾಟಲಿ ಹಿಂಡಿದರೆ ಬರೀ ಗಾಳಿ ಬಂತು.

ಎಲೆಗೆ ಎಲ್ಲ ಬಡಿಸಿದರು. ಮೊದಲ ಕೆಲವು ತುತ್ತು ಹೇಗೋ ಇಳಿಯಿತು. ಆಮೇಲೆ ಎರಡೂ ಹೊಳ್ಳೆ ಪೂರ್ತಿ ಮುಚ್ಚಿಕೊಂಡವು. ಬಾಯಲ್ಲಿ ಅನ್ನ ಇಟ್ಟುಕೊಂಡರೆ ಉಸಿರಿಲ್ಲ, ಉಸಿರು ಎಳೆದುಕೊಂಡರೆ ಅಗಿಯುವುದಕ್ಕಾಗುವುದಿಲ್ಲ. ಎದುರು ಪಂಕ್ತಿಯಲ್ಲಿ ಬೀಗಿತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಎಡಗೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಬಿಟ್ಟೆ. ಎಲ್ಲರ ಊಟ ಮುಗಿಯುವ ಮುಂಚೆ, ಬಡಿಸಿದ ಎಲೆ ಹಾಗೇ ಬಿಟ್ಟು, ಹೆಣ್ಣಿನ ಕಡೆಯವಳೇ ಎದ್ದೆ. ಚಪ್ಪಲಿಯನ್ನೂ ಹುಡುಕದೆ ರಸ್ತೆಗೆ ಬಂದು ಒಂದು ಆಟೋ ಹತ್ತಿ ಪೇಟೆಯಲ್ಲಿ ಮೆಡಿಕಲ್ ಸ್ಟೋರ್ ಹುಡುಕಿಸಿದೆ. ಅಂಗಡಿಯ ಮುಂದೆಯೇ ತಲೆ ಎತ್ತಿ ಔಷಧಿ ಬಿಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಎಂಜಲು ಕೈ, ಬರಿಗಾಲು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು.

ಛತ್ರಕ್ಕೆ ಮರಳಿದಾಗ ನಮ್ಮ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು.

"ಎಲೆ ಮುಂದ್ಲಿಂದ ಎದ್ದೋದ್ಯಲ್ಲವ್ವ," ಎಂದರು. "ಬೀಗ್ರು ಏನ್ ಕಮ್ಮಿ ಆಯ್ತು ಅಂತ ಕೇಳ್ತಾವ್ರೆ. ನಾನ್ ಏನಂತ ಹೇಳನ?"

"ಮೂಗು ಕಟ್ಟಿತ್ತು ದೊಡ್ಡಪ್ಪ."

"ಮೂಗ್ ಕಟ್ಟಿದ್ದಕ್ಕೆ ಊಟ ಬುಟ್ಟು ಎದ್ದೋದವ್ರನ್ನ ನಾನ್ ಈ ವಯಸ್ಸಿಗೆ ಕಂಡಿಲ್ಲ ಕಣವ್ವ."

ಅವರು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಅರ್ಥವಾಗದೆ ಹೇಳಿದರು. ನಾನು ಒಳಗೆ ಹೋಗಿ ಬೀಗಿತ್ತಿಯ ಕೈ ಹಿಡಿದು ವಿಷಯ ಹೇಳಿದೆ. ಅವರು ಒಳ್ಳೆಯವರು, "ಅಯ್ಯೋ, ಬುಡಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಊಟ ಹಾಕಿಸಿದರು. ಉಂಡೆ. ಉಣ್ಣುತ್ತಲೇ ತೀರ್ಮಾನ ಮಾಡಿದೆ. ಬೆರಳುದ್ದದ ಬಾಟಲಿ ನನ್ನನ್ನು ಪಂಕ್ತಿಯಿಂದ ಎಬ್ಬಿಸುವಷ್ಟು ದೊಡ್ಡದಾಗಿದ್ದರೆ, ನಾನು ಅದನ್ನು ಬಿಟ್ಟೇ ತೀರಬೇಕು.

ಮುಂದಿನ ವಾರ ಒಂದು ದಿನ ರಜೆ ಕೇಳಿ ರಾಮನಗರಕ್ಕೆ ಹೋದೆ. ಅಲ್ಲಿ ಕಿವಿ ಮೂಗು ಗಂಟಲು ನೋಡುವ ಒಬ್ಬರು ಡಾಕ್ಟರಮ್ಮ ಇದ್ದರು. ನಾನು ಮಾಡುವ ಕೆಲಸ ಏನೆಂದು ಕೇಳಿಕೊಂಡು, ಹಣೆಯ ಮೇಲಿನ ದೀಪ ಹಚ್ಚಿ ಎರಡೂ ಹೊಳ್ಳೆಯ ಒಳಗೆ ನೋಡಿದರು. ಆಮೇಲೆ ದೀಪ ಆರಿಸಿ, ನಾನು ಮೇಜಿನ ಮೇಲಿಟ್ಟ ಬಾಟಲಿಯನ್ನು ಕೈಗೆತ್ತಿಕೊಂಡರು.

"ಇದನ್ನ ಎಷ್ಟು ದಿನದಿಂದ ಹಾಕ್ಕೊತಿದೀರಮ್ಮ?"

"ದಿನ ಅಲ್ಲ ಮೇಡಂ. ಎರಡು ವರ್ಸದ ಮೇಲಾಯ್ತು."

ಅವರು ಬೈಯಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಹೇಳಿದರು. "ಇದು ಜೋರು ನೆಗಡಿ ಬಂದಾಗ ಮೂರ್ನಾಲ್ಕು ದಿನ ಹಾಕ್ಕೊಂಡು ಬಿಟ್ಟುಬಿಡೋ ಔಷಧಿ. ಮೂಗಿನ ಒಳಗೆ ಊದಿಕೊಂಡಿರೋ ರಕ್ತನಾಳನ ಇದು ಕುಗ್ಗಿಸುತ್ತೆ. ಅದಕ್ಕೇ ಗಾಳಿ ಆಡುತ್ತೆ. ದಿನಾ ಹಾಕಿದ್ರೆ, ಔಷಧಿ ಪ್ರಭಾವ ಇಳಿದ ತಕ್ಷಣ ಮುಂಚೆಗಿಂತ ಜಾಸ್ತಿ ಊದಿಕೊಳ್ಳುತ್ತೆ. ನೀವು ಮತ್ತೆ ಹಾಕ್ತೀರ, ಅದು ಮತ್ತೆ ಊದುತ್ತೆ. ಶುರುವಾಗಿದ್ದು ಚಿಟ್ಟೆ ಹುಡಿಯಿಂದಾನೇ. ಆದ್ರೆ ಈಗ ನಿಮ್ಮ ಮೂಗು ಕಟ್ಟಿಸ್ತಿರೋದರಲ್ಲಿ ಈ ಬಾಟ್ಲಿ ಪಾಲೂ ಇದೆ."

ಬಿ.ಪಿ. ನೋಡಿದರು. ಅದೂ ಏರಿತ್ತು. ಈ ಔಷಧಿ ಅದಕ್ಕೂ ಒಳ್ಳೆಯದಲ್ಲ ಎಂದರು.

"ಒಂದೇ ಸಲ ಎರಡೂ ಕಡೆ ಬಿಟ್ರೆ ನಿಮಗೆ ತಡೆಯಕ್ಕಾಗಲ್ಲ. ಮೊದಲು ಬಲಗಡೆ ಹೊಳ್ಳೆಗೆ ನಿಲ್ಲಿಸಿ. ಎಡಗಡೆಗೆ ಬೇಕಾದಾಗ ಹಾಕ್ಕೊಳ್ಳಿ. ಬಲಗಡೆದು ತಾನಾಗೇ ತೆರೆದುಕೊಂಡ ಮೇಲೆ ಎಡಗಡೆದೂ ನಿಲ್ಲಿಸಿ." ಊತ ಇಳಿಸಲು ಬೇರೆ ಒಂದು ಸ್ಪ್ರೇ ಬರೆದುಕೊಟ್ಟು, ಅದು ಹಾಕಿದ ಕೂಡಲೇ ಗೊತ್ತಾಗುವುದಿಲ್ಲ, ನಂಬಿಕೆಯಿಟ್ಟು ದಿನಾ ಹಾಕಬೇಕು ಎಂದರು. ಮೂಗು ತೊಳೆಯಲು ಉಪ್ಪುನೀರಿನ ಬಾಟಲಿಯನ್ನೂ ಬರೆದರು. ಕೊನೆಗೆ ಕೇಳಿದರು, "ಕೆಲಸ ಬಿಡೋಕೆ ಆಗುತ್ತಾ?"

"ಕೆಲ್ಸ ಬುಡಕ್ಕಿಲ್ಲ ಮೇಡಂ. ಬಾಟ್ಲಿ ಬುಡ್ತೀನಿ."

ಡಾಕ್ಟರಮ್ಮ ನಕ್ಕರು. "ಹಾಗಿದ್ರೆ ಹುಡಿ ಒಳಗೆ ಹೋಗದೇ ಇರೋ ಹಾಗೆ ಏನಾದ್ರೂ ಮಾಡಬೇಕು. ಇಲ್ಲದಿದ್ರೆ ಇದೇ ಬಾಟ್ಲಿ ಹತ್ರ ವಾಪಸ್ ಬರ್ತೀರ."

ಕೆಲಸವನ್ನು ಯಾಕೆ ಬಿಡುವುದಿಲ್ಲ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಲದ ಕೆಲಸ, ಮನೆಯ ಕೆಲಸ ಎಲ್ಲವೂ ನಾನು ಮಾಡುತ್ತಿದ್ದವೇ. ಆದರೆ ಅವು ಎಲ್ಲರಿಗೂ ಸೇರಿದವು. ಮೊಟ್ಟೆ ಕೇಂದ್ರದ ಕೆಲಸ ನಾನು ಕಲಿತದ್ದು, ನನ್ನ ಕೈಗೆ ಒಗ್ಗಿದ್ದು. ಹೊಟ್ಟೆ ದಪ್ಪಗಿರುವ ಹೆಣ್ಣು ಚಿಟ್ಟೆಯನ್ನು ನೋಯಿಸದೆ ಎರಡು ಬೆರಳಲ್ಲಿ ಎತ್ತಿಡುವುದು ನನಗೆ ಇಷ್ಟವಾಗಿತ್ತು. ಅದನ್ನು ಮೂಗಿಗಾಗಿ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಬಲಗಡೆಗೆ ನಿಲ್ಲಿಸಿದೆ. ಹೇಳುವುದು ಸುಲಭ. ಬಲಗಡೆಯ ಅರ್ಧ ಮುಖಕ್ಕೆ ಜೇಡಿಮಣ್ಣು ಮೆತ್ತಿದ ಹಾಗೆ ಅನ್ನಿಸುತ್ತಿತ್ತು. ಹುಬ್ಬಿನ ಮೇಲೆ ಸಿಡಿತ, ಕಣ್ಣಲ್ಲಿ ನೀರು. ಎಡಗಡೆಗೆ ಹಾಕಿಕೊಳ್ಳುವಾಗ ಕೈ ತಾನಾಗಿ ಬಲಕ್ಕೆ ಜಾರುತ್ತಿತ್ತು. ಅದಕ್ಕೇ ಬಲಗಡೆಯ ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿಕೊಂಡು ಎಡಕ್ಕೆ ಹಾಕುತ್ತಿದ್ದೆ. ಮಲಗಿದರೆ ಇನ್ನೂ ಕಷ್ಟ. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ.

ನನ್ನ ಗಂಡ ಒಂದೆರಡು ದಿನ ನೋಡಿದರು. ಆಮೇಲೆ ತಡೆಯಲಾರದೆ, "ಒಂದೇ ಒಂದು ತೊಟ್ಟು ಹಾಕ್ಕಂಡು ಮಲಿಕ್ಕೊ. ನಿನ್ ಒದ್ದಾಟ ನನ್ ಕೈಲಿ ನೋಡಕ್ಕಾಗಕ್ಕಿಲ್ಲ," ಎಂದರು.

"ನೋಡಕ್ಕಾಗದಿದ್ರೆ ಆ ಕಡೀಕ್ ತಿರಿಕ್ಕಂಡು ಮಲಿಕ್ಕಳ್ಳಿ."

ಅವರು ಹಾಗೇ ಮಾಡಿದರು. ಆದರೆ ಮರುದಿನ ಬೆಳಿಗ್ಗೆ ದನ ಕಟ್ಟುವ ಕೆಲಸ, ಹಾಲು ಡೇರಿಗೆ ಕೊಟ್ಟು ಬರುವ ಕೆಲಸ ಎರಡನ್ನೂ ತಾವೇ ಮುಗಿಸಿ ನನ್ನನ್ನು ಎಬ್ಬಿಸದೆ ಬಿಟ್ಟರು. ಅತ್ತೆ ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆದುಕೋ ಎಂದು ತಂದರು. ಹೊಗೆ ತಾಕಿದರೆ ಸೀನು ಹೆಚ್ಚಾಗುತ್ತದೆಂದು ನಾನು ಒಪ್ಪಲಿಲ್ಲ. ಅವರು ಮುಖ ಊದಿಸಿಕೊಂಡು ಹೋದರು. ಸಂಜೆ ನೋಡಿದರೆ ನನಗೆ ಮೂಗು ತೊಳೆಯಲು, ಹಬೆ ತೆಗೆದುಕೊಳ್ಳಲು ನೀರು ಕುದಿಸಿ ಮುಚ್ಚಿಟ್ಟಿದ್ದರು. ಅಂದಿನಿಂದ ಆ ನೀರು ಕಾಯಿಸುವುದನ್ನು ನನ್ನ ಕೈಗೆ ಅವರು ಬಿಡಲೇ ಇಲ್ಲ.

ಅವರೆಕಾಯಿಯ ಕಾಲ ಅದು. ಒಂದು ಭಾನುವಾರ ಅಂಗಳದಲ್ಲಿ ಅತ್ತೆಯೂ ನಾನೂ ಕಾಯಿ ಸುಲಿಯುತ್ತ ಕೂತಿದ್ದೆವು. ಬೆರಳಿಗೆ ಅಂಟಿದ ಜಿಡ್ಡನ್ನು ಒರೆಸಿಕೊಳ್ಳುವಾಗ ಏನೋ ಒಂದು ಸುಳಿದಂತಾಯಿತು. ಕೈಯನ್ನು ಮೂಗಿನ ಹತ್ತಿರ ತಂದೆ. ಎಡಗಡೆ ಮುಚ್ಚಿ ಬಲಗಡೆಯಿಂದ ಎಳೆದೆ. ಗಾಳಿ ಒಳಗೆ ಹೋಯಿತು. ಅದರ ಜೊತೆ ಅವರೆಯ ಸೊಗಡೂ ಹೋಯಿತು, ತೆಳ್ಳಗೆ, ಆದರೆ ಅದೇ ಸೊಗಡು. ನಾನು ಸುಮ್ಮನೆ ಕೈ ಮೂಸುತ್ತ ಕೂತಿದ್ದನ್ನು ನೋಡಿ ಅತ್ತೆ, "ಕಾಯಿ ಸುಲಿ, ಆಮೇಕ್ ಮೂಸ್ಕಳ್ಳಿವಂತೆ," ಎಂದರು. ನಾನು ಮತ್ತೆ ಸುಲಿಯತೊಡಗಿದೆ. ಅಂದೇ ಸಂಜೆ ಎಡಗಡೆಗೂ ನಿಲ್ಲಿಸಿದೆ. ಎರಡನೆಯದು ಮೊದಲಿನಷ್ಟು ಕಷ್ಟವಾಗಲಿಲ್ಲ. ಒಂದು ಕಡೆ ದಾರಿಯಿದ್ದರೆ ಇನ್ನೊಂದು ಕಡೆಗೆ ಕಾಯಬಹುದು.

ಈ ನಡುವೆ ಕೇಂದ್ರದಲ್ಲಿ ನಾನು ಹಳೆಯ ಹತ್ತಿಸೀರೆಯ ತುಂಡನ್ನು ಎರಡು ಪದರ ಮಡಿಸಿ ಮೂಗು ಬಾಯಿಗೆ ಕಟ್ಟಿಕೊಳ್ಳುತ್ತಿದ್ದೆ. ಅದು ಸಾಲುತ್ತಿರಲಿಲ್ಲ. ಚಿಟ್ಟೆ ಬಂದ ದಿನ ಸಂಜೆಗೆ ಮೂಗು ಮತ್ತೆ ಬಿಗಿಯುತ್ತಿತ್ತು. ಅಕ್ಕ ನನ್ನನ್ನು ನೋಡಿ, "ಯಾಕಮ್ಮಿ ಈ ಪಾಡು? ಬಾಟ್ಲಿ ನನ್ತವ ಐತೆ," ಎನ್ನುತ್ತಿದ್ದರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. "ಅಕ್ಕ, ನೀನೂ ಒಂದ್ಸಲ ಬಾ, ತೋರಿಸ್ಕಂಡ್ ಬರನ," ಎಂದೆ.

"ನಿನ್ನಂಗೆ ನಂಗೆ ಹಟ ಇಲ್ಲ ಕಣಮ್ಮಿ. ಇನ್ನೆಷ್ಟು ವರ್ಸ ಅಂತ," ಎಂದು ಜಾರಿಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ ದೊಡ್ಡ ಕಂತಿನ ಗೂಡು ಬಂದಿತ್ತು. ಬೆಳಿಗ್ಗೆ ಕೋಣೆಯ ತುಂಬ ಚಿಟ್ಟೆ. ಅಕ್ಕ ಹಾಳೆಯ ಮೇಲೆ ಬಗ್ಗಿ ಹೆಣ್ಣು ಚಿಟ್ಟೆಗಳನ್ನು ಕೂರಿಸುತ್ತಿದ್ದವರು ಒಮ್ಮೆಲೇ ನಿಂತರು. ಬಿಳೀ ಹಾಳೆಯ ಮೇಲೆ ಕೆಂಪಗೆ ತೊಟ್ಟು ಬಿದ್ದವು. ಮೂಗಿನಿಂದ ರಕ್ತ. ಹೊರಗೆ ಕರೆದುಕೊಂಡು ಬಂದು ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ ಮೂಗಿನ ಮೆದು ಭಾಗ ಒತ್ತಿ ಹಿಡಿದೆವು. ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡೇ ಇದ್ದರು. ಆ ಹಾಳೆಯನ್ನು ನಾನೇ ತೆಗೆದು ಪಕ್ಕಕ್ಕಿಟ್ಟೆ.

ಆ ಕಂತಿನ ಕೆಲಸ ಮುಗಿಯುವವರೆಗೆ ನಾನು ಕೇಂದ್ರದ ಮಾಲೀಕರ ಮುಂದೆ ಹುಡಿಯ ಮಾತು ಎತ್ತಲಿಲ್ಲ. ಚಿಟ್ಟೆ ಹೊರಬಂದ ಮೇಲೆ ಕೆಲಸ ನಿಲ್ಲಿಸಿದರೆ ಮಾಲೀಕರಿಗೆ ಎಲ್ಲವೂ ಹಾಳು. ಅದು ನನಗೆ ಬೇಕಿರಲಿಲ್ಲ. ಮುಂದಿನ ಗೂಡು ಬರುವುದಕ್ಕೆ ಮೊದಲು, ಊಟದ ಹೊತ್ತಿನಲ್ಲಿ ಎಲ್ಲ ಹೆಂಗಸರ ಜೊತೆ ಮಾತಾಡಿದೆ. ಕೇಳಿದರೆ ತಿಳಿಯಿತು, ಅರ್ಧಕ್ಕರ್ಧ ಜನರ ಚೀಲದಲ್ಲಿ ಅದೇ ಬಾಟಲಿ ಇತ್ತು. ಎಲ್ಲರೂ ಒಟ್ಟಿಗೆ ಮಾಲೀಕರ ಕೋಣೆಗೆ ಹೋದೆವು. ಅವರು ಕೆಟ್ಟವರಲ್ಲ, ಆದರೆ ಕೈ ಬಿಗಿ.

ಮಾತು ನಾನೇ ಶುರು ಮಾಡಿದೆ. "ಸಾರ್, ಚಿಟ್ಟೆ ಕೋಣೆಗೆ ಹುಡಿ ಎಳೆಯೋ ಫ್ಯಾನ್ ಬೇಕು. ನಮಗೆ ಸರಿಯಾದ ಮಾಸ್ಕ್ ಬೇಕು."

"ಫ್ಯಾನ್ ಹಾಕುದ್ರೆ ತೇವ ಎಲ್ಲ ಎಳ್ಕಂಡೋಯ್ತದೆ ಕಣಮ್ಮ. ಮೊಟ್ಟೆ ಸರಿಯಾಗ್ ಇಡಕ್ಕಿಲ್ಲ. ನಷ್ಟ ಯಾರ್‌ಗೆ?"

"ನಾವು ಬರದಿದ್ರೆ ಇನ್ನೂ ಜಾಸ್ತಿ ನಷ್ಟ ಆಯ್ತದೆ ಸಾರ್. ಅದಕ್ಕೇ ಗೂಡು ಬರಕ್ ಮುಂಚೆನೇ ಹೇಳ್ತಾ ಇವ್ನಿ. ಫ್ಯಾನ್ ಬರೋಗಂಟ ನಾವು ಆ ಕೋಣೆಗೆ ಕಾಲಿಡಕ್ಕಿಲ್ಲ. ಬೇರೆ ಯಾವ್ ಕೆಲ್ಸ ಇದ್ರೂ ಮಾಡ್ತೀವಿ."

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಅಕ್ಕನ ಮುಖ ನೋಡಿದರು. ಅಕ್ಕ ಅವರನ್ನು ಚಿಕ್ಕ ಹುಡುಗನಾಗಿದ್ದಾಗಿನಿಂದ ಬಲ್ಲವರು.

"ನೀನೂನಾ?" ಎಂದು ಕೇಳಿದರು.

"ನಾನೂ ಕಣಪ್ಪ," ಎಂದರು ಅಕ್ಕ.

ಎರಡು ದಿನ ಅವರು ನಮ್ಮ ಜೊತೆ ಮಾತಾಡಲಿಲ್ಲ. ನಾವು ತಟ್ಟೆ ತೊಳೆದೆವು, ಅಂಗಳ ಗುಡಿಸಿದೆವು, ಹಾಳೆ ಕತ್ತರಿಸಿದೆವು, ಚಿಟ್ಟೆ ಕೋಣೆಯ ಬಾಗಿಲು ಮುಟ್ಟಲಿಲ್ಲ. ಮೂರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಗೋಡೆ ಒಡೆದು ಎರಡು ಎಕ್ಸಾಸ್ಟ್ ಫ್ಯಾನ್ ಕೂರಿಸಿದ. ತೇವ ಕಡಿಮೆಯಾಗದ ಹಾಗೆ ಎದುರಿನ ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕೆಂದು, ಜೋಡಿ ಬಿಡಿಸುವಾಗ ಮಾತ್ರ ಫ್ಯಾನ್ ಹಾಕಬೇಕೆಂದು ಮಾಲೀಕರೇ ಯೋಚಿಸಿ ಹೇಳಿದರು. ಮಾಸ್ಕಿನ ಪೆಟ್ಟಿಗೆಯೂ ಬಂತು. ಆ ಕಂತಿನಲ್ಲಿ ಮೊಟ್ಟೆ ಎಂದಿನಂತೆಯೇ ಬಿದ್ದವು.

ಹುಡಿ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಬಿಸಿಲಿನಲ್ಲಿ ತೇಲುವುದು ಮೊದಲಿನಷ್ಟಿಲ್ಲ. ಅಕ್ಕನನ್ನು ಚಿಟ್ಟೆ ಕೋಣೆಯಿಂದ ಬಿಡಿಸಿ ಮೊಟ್ಟೆ ಹಾಳೆ ತೊಳೆಯುವ ಕಡೆಗೆ ಹಾಕಿಸಿದೆವು. ನನ್ನ ಜೊತೆ ರಾಮನಗರಕ್ಕೂ ಒಮ್ಮೆ ಬಂದರು. ಎರಡನೆಯ ಸಲ ಬಾ ಎಂದರೆ ಮೊಮ್ಮಗಳ ಬಾಣಂತನ, ಹಬ್ಬ, ಕಾಲುನೋವು ಎಂದು ಒಂದೊಂದು ನೆಪ. ಹಗಲು ಹಾಕಿಕೊಳ್ಳುವುದನ್ನು ಬಿಟ್ಟಿದ್ದಾರೆ. ರಾತ್ರಿಯದು ಮಾತ್ರ ಬಿಟ್ಟಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ. ಉಳಿದ ಹೆಂಗಸರಲ್ಲಿ ಕೆಲವರು ನನ್ನ ಹಾಗೆ ಒಂದೊಂದೇ ಹೊಳ್ಳೆಯಿಂದ ಬಿಡಿಸಿಕೊಂಡರು, ಒಬ್ಬಾಕೆ ಕೆಲಸವನ್ನೇ ಬಿಟ್ಟು ಹೋದಳು.

ಈ ಮಳೆಗಾಲದಲ್ಲಿ ನನಗೆ ಜೋರು ನೆಗಡಿ ಬಂತು. ಎರಡೂ ಕಡೆ ಕಟ್ಟಿ, ತಲೆ ಭಾರವಾಗಿ, ಕಣ್ಣು ಬಿಡಲಾಗುತ್ತಿರಲಿಲ್ಲ. ನನ್ನ ಗಂಡ ಪೇಟೆಯಿಂದ ಏನಾದರೂ ತರಲೇ ಎಂದು ಕೇಳಿದರು. ಕೆಲವು ದಿನಕ್ಕಾದರೆ ಡ್ರಾಪ್ಸ್ ಹಾಕಿಕೊಳ್ಳುವುದು ತಪ್ಪಲ್ಲ ಎಂದು ನನಗೆ ಗೊತ್ತು, ಬೇರೆ ಯಾರಿಗಾದರೂ ಆಗಿದ್ದರೆ ನಾನೇ ಹಾಗೆ ಹೇಳುತ್ತಿದ್ದೆ. ಆದರೆ ನನ್ನ ಮೂಗು ನನಗೆ ಗೊತ್ತು. ಬೇಡ ಎಂದೆ. ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡು, ಬಾಯಲ್ಲೇ ಉಸಿರಾಡುತ್ತ ಬಸ್ಸಿಗೆ ನಡೆದೆ. ಅಂದು ಚಿಟ್ಟೆ ಬರುವ ದಿನವಾಗಿತ್ತು.